ಪಾಂಡಪ್ಪನ ಕನ್ನಡಿ ದೋಣಿ

ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸಿದವರು ವಾಸ್ತುಶಾಂತಿಗೆ ಮೊದಲು ಹುಡುಕಿಕೊಂಡು ಬರುತ್ತಿದ್ದದ್ದು ಪಾಂಡಪ್ಪ ಅಂಬಿಗೇರನನ್ನು. ಬಾಗಿಲು ಮಾಡುವವರು ಬೀದಿಗೊಬ್ಬರು ಸಿಗುತ್ತಿದ್ದರು. ಬಾಗಿಲಿಗೆ ಹೊಳಪು ಕೊಡುವುದಕ್ಕೆ ಮಾತ್ರ ಪಾಂಡಪ್ಪನೇ ಆಗಬೇಕು. ಅವನು ಕೈಯಾಡಿಸಿ ಬಿಟ್ಟ ಬಾಗಿಲ ಮುಂದೆ ನಿಂತು ಹೆಂಗಸರು ಕುಂಕುಮ ಸರಿಮಾಡಿಕೊಳ್ಳುತ್ತಿದ್ದರು. ಬಾದಾಮಿಯ ಹೋಟೆಲಿನವರು, ಇಳಕಲ್ಲಿನ ಸೀರೆ ವ್ಯಾಪಾರಿಗಳು ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಬಾಗಿಲ ನೆತ್ತಿಗೆ ಹಿತ್ತಾಳೆ ಫಲಕ ಕೂಡುತ್ತಿತ್ತು, ಅದರಲ್ಲಿ ಮನೆಯ ಯಜಮಾನನ ಹೆಸರು. ಅದು ಲೋಕದ ರೀತಿ. ತಿಕ್ಕಿದವನ ಹೆಸರನ್ನು ಯಾರು ಕೆತ್ತಿಸುತ್ತಾರೆ? ಆದರೆ ಪಾಂಡಪ್ಪನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಅರವತ್ತು ಮುಟ್ಟುವ ಹೊತ್ತಿಗೆ ಜಿಲ್ಲೆಯ ತುಂಬ ತನ್ನ ಹೊಳಪು, ಎಲ್ಲಿಯೂ ತನ್ನದೆನ್ನುವುದು ಒಂದಿಲ್ಲ ಎಂಬ ಕೊರಗು ಅವನಿಗೆ ಅಂಟಿಕೊಂಡಿತ್ತು.

ಹೆಸರಿನಲ್ಲಿ ಅಂಬಿಗೇರ ಎಂದಿದ್ದರೂ ಹುಟ್ಟು ಹಿಡಿದದ್ದು ಎಳೆಯ ವಯಸ್ಸಿನಲ್ಲಿ ಮಾತ್ರ. ಊರು ಕೃಷ್ಣೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಅವನ ಬಳಗದವರೆಲ್ಲ ದಂಡೆಯ ಪುನರ್ವಸತಿ ಊರಿಗೆ ಹೋಗಿ ಮೀನಿನ ಬಲೆಯನ್ನೇ ನೆಚ್ಚಿಕೊಂಡರು. ಇವನು ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಪಟ್ಟಣ ಸೇರಿದ. ಹೆಂಡತಿ ತೀರಿಕೊಂಡ ಮೇಲೆ ಮಗಳು ಜಯಶ್ರೀಯನ್ನು ಅವನೇ ಬೆಳೆಸಿದ, ನಳದ ನೀರು ಹಿಡಿಯುವ ಸಾಲಿನಲ್ಲಿ. ಹೀಗಾಗಿ ಅಂಬಿಗರ ಮನೆಯಲ್ಲಿ ಹುಟ್ಟಿಯೂ ಆಕೆಗೆ ಈಜು ಬರಲಿಲ್ಲ. ನೀರನ್ನು ಬಿಟ್ಟ ಅಂಬಿಗ, ನೀರು ಕಾಣದ ಮಗಳು ಎಂದು ಬಳಗದವರು ಮದುವೆ ಮುಂಜಿಗಳಲ್ಲಿ ಕಾಲೆಳೆಯುತ್ತಿದ್ದರು. ಪಾಂಡಪ್ಪ ನಗುತ್ತಿದ್ದ, ಮನೆಗೆ ಬಂದು ಮುಖ ಗಂಟು ಹಾಕಿಕೊಳ್ಳುತ್ತಿದ್ದ.

ಆ ಜಯಶ್ರೀಯನ್ನೇ ತಂಗಿ ತಾಯವ್ವನ ಮಗ, ದಂಡೆಯ ಊರಿನ ಬೀರೇಶನಿಗೆ ಕೊಟ್ಟು ಮದುವೆ ಮಾಡಿದ. ಸೋದರಳಿಯ ಒಳ್ಳೆಯವನು, ಮಾತು ಕಡಿಮೆ, ದುಡಿಮೆ ಹೆಚ್ಚು. ಕೆಟ್ಟದ್ದೆಂದರೆ ಅವನ ದೋಣಿ. ಅಪ್ಪನ ಕಾಲದ ಬೇವಿನ ಹಲಗೆಯ ದೋಣಿ, ತಳ ಮೆತ್ತಗಾಗಿ ಬೆರಳಿಟ್ಟರೆ ಇಳಿಯುತ್ತಿತ್ತು. ಒಮ್ಮೆ ಹಬ್ಬಕ್ಕೆ ಬಂದ ಮಗಳ ಬಲಗೈಯಲ್ಲಿ ದಡ್ಡು ಕಟ್ಟಿದ್ದನ್ನು ಕಂಡು ಪಾಂಡಪ್ಪ ಕೇಳಿದ.

"ಇದೇನವ್ವಾ, ಕೈ ಹಿಂಗ್ಯಾಕ ಆಗೈತಿ?"

"ದ್ವಾಣ್ಯಾಗ ನೀರ ಬರ್ತೈತಪ್ಪಾ. ಅವರು ಬಲಿ ಹಾಕೂತನಕ ನಾ ಕುಂತು ಡಬ್ಬಿಲೆ ಚೆಲ್ತೇನಿ," ಎಂದಳು ಜಯಶ್ರೀ, ಅಂಗಳ ಗುಡಿಸುತ್ತೇನೆ ಅನ್ನುವಷ್ಟೇ ಸಲೀಸಾಗಿ.

ಆ ರಾತ್ರಿ ಪಾಂಡಪ್ಪನಿಗೆ ಅನ್ನ ಸೇರಲಿಲ್ಲ. ಹಳೆಯ ಕೃಷ್ಣೆ ಬೇರೆ, ಈ ಹಿನ್ನೀರು ಬೇರೆ. ಹೊಳೆಗೆ ಸೆಳವಿತ್ತು, ಸೆಳವಿನ ದಾರಿ ಅಂಬಿಗರಿಗೆ ಗೊತ್ತಿತ್ತು. ಈ ನೀರಿಗೆ ಆಚೆ ದಂಡೆಯೇ ಕಾಣುವುದಿಲ್ಲ, ಗಾಳಿ ಎದ್ದರೆ ಸಮುದ್ರದ ಹಾಗೆ ತೆರೆ ಬಡಿಯುತ್ತದೆ. ಅದರ ನಡುವೆ ಈಜು ಬಾರದ ಮಗಳು, ಕೈಯಲ್ಲಿ ಒಂದು ಡಬ್ಬಿ. ಹೊಸ ದೋಣಿ ಕಟ್ಟಿಕೊಡುತ್ತೇನೆ ಎಂದು ಬೆಳಗಾಗುವುದರೊಳಗೆ ನಿಶ್ಚಯಿಸಿದ.

ಹಳೇ ಬಾಗಲಕೋಟೆಯ ಮುಳುಗಿದ ವಾಡೆಯೊಂದರ ಸಾಗವಾನಿ ತೊಲೆಗಳು ಅವನ ಹಿತ್ತಲಲ್ಲಿ ಬಿದ್ದಿದ್ದವು. ಗುಡೂರಿನಿಂದ ಹಳೆಯ ಜತೆಗಾರ ಶಾಬುದ್ದೀನನನ್ನು ಕರೆಸಿದ. ಶಾಬುದ್ದೀನ ಬಡಗಿ, ಇಬ್ಬರೂ ಒಂದೇ ಬೀಡಿ ಹಂಚಿಕೊಂಡು ನೂರು ಮನೆ ಮುಗಿಸಿದವರು. ತೊಲೆ ಸೀಳಿಸಿ ಹಲಗೆ ಮಾಡಿದರು, ಜಾಲಿಮರದ ಬಾಗಿದ ಕೊಂಬೆಗಳನ್ನು ಆರಿಸಿ ಪಕ್ಕೆಲುಬು ಕೂಡಿಸಿದರು, ಸಂದಿಗಳಿಗೆ ಹತ್ತಿಯ ಎಳೆ ತುರುಕಿ ಎಣ್ಣೆಯಲ್ಲಿ ಕಾಯಿಸಿದ ರಾಳ ತುಂಬಿದರು. ಸಂಕ್ರಾಂತಿಗೆ ದೋಣಿ ದೋಣಿಯಾಗಿ ನಿಂತಿತು. ಹಿತ್ತಲ ಹೊಂಡದಲ್ಲಿ ಇಳಿಸಿ ನೋಡಿದರೆ ಒಂದು ಹನಿ ಒಳಗೆ ಬರಲಿಲ್ಲ.

ಇನ್ನು ಡಾಂಬರು ಬಳಿದು ಅಳಿಯನ ಮನೆಗೆ ಮುಟ್ಟಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಶಾಬುದ್ದೀನ ಡಾಂಬರಿನ ಡಬ್ಬಿಯನ್ನು ತಂದೂ ಇಟ್ಟಿದ್ದ. ಆದರೆ ಪಾಂಡಪ್ಪ ಆ ಹೊತ್ತಿಗೆ ಹಲಗೆಯ ಮೇಲೆ ಒದ್ದೆ ಬಟ್ಟೆ ಎಳೆದುಬಿಟ್ಟಿದ್ದ. ನೂರು ವರ್ಷದ ಸಾಗವಾನಿ, ಒದ್ದೆಯಾದೊಡನೆ ಒಳಗಿನ ಗೆರೆಗೆರೆಯೂ ಎದ್ದು ಬಂತು, ಬೆಲ್ಲದ ಪಾಕದ ಬಣ್ಣ. ಅದನ್ನು ಕಂಡ ಮೇಲೆ ಅವನು ಅವನಾಗಿ ಉಳಿಯಲಿಲ್ಲ.

"ಇದಕ ಡಾಂಬರ ಬಳದ್ರ ಪಾಪ ಹತ್ತತೈತಿ. ವಾರ್ನಿಶ್ ಹೊಡೀತೇನಿ," ಎಂದ.

"ಲೇ ಪಾಂಡ್ಯಾ, ದ್ವಾಣಿಗೆ ಡಾಂಬರಲ್ದ ಅತ್ತರ ಬಳೀತಾರೇನ?" ಶಾಬುದ್ದೀನನಿಗೆ ಮೊದಲು ನಗು ಬಂತು. "ಡಾಂಬರಂದ್ರ ಒಂದ ದಿನದ ಕೆಲಸ. ನೀ ಅನ್ನೂದು ಎಷ್ಟ ತಿಂಗಳದ್ದು?"

"ಡಾಂಬರ ಬಳದ್ರ ಒಳಗ ಕಟಗಿ ಕೊಳತ್ರೂ ಕಾಣೂದಿಲ್ಲ. ವಾರ್ನಿಶ್ ಹೊಡದ್ರ ಕಪ್ಪ ಚುಕ್ಕಿ ಬಿದ್ದ ಕೂಡ್ಲೆ ತಿಳೀತೈತಿ."

"ಅದು ಖರೆ. ಆದ್ರ ಬಿಸಲಿಗೆ ನಿನ್ನ ವಾರ್ನಿಶ್ ಒಂದ ಬ್ಯಾಸಗಿ ತಡದೀತು. ಮುಂದ ವರ್ಷಾ ವರ್ಷಾ ತಿಕ್ಕಿ ಮತ್ತ ಹೊಡೀಬೇಕು. ಬೀರ್ಯಾ ಬಲಿ ಹಾಕ್ತಾನೋ, ಪಾಲಿಶ್ ಪೇಪರ ಹಿಡಕೊಂಡ ಕುಂದರ್ತಾನೋ?"

"ನಾ ಹೋಗಿ ತಿಕ್ಕತೇನಿ. ನಾ ಇರೂತನಕ ನಂದ."

"ಆ ಕೆಮ್ಮ ಇಟಗೊಂಡು? ದವಾಖಾನ್ಯಾಗ ಧೂಳ ಬ್ಯಾಡ ಅಂತ ಬಾಯಿ ಬಡಕೊಂಡಾರ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು! ಮೀನ ಏನ ನಿನ್ನ ಹೊಳಪ ನೋಡಿ ಬಲಿಗೆ ಬೀಳೂದಿಲ್ಲ."

ಶಾಬುದ್ದೀನ ಹೇಳಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ, ಪಾಂಡಪ್ಪ ಹೇಳಿದ್ದರಲ್ಲಿ ನಿಜ ಅರ್ಧ ಇತ್ತು. ವಾರ್ನಿಶ್ ಮಾತೆಲ್ಲ ನೆಪ. ಬಳಗದವರು ದಂಡೆಯಲ್ಲಿ ನಿಂತು ಬಾಯಿ ಬಿಟ್ಟು ನೋಡಬೇಕು, ಇದು ಪಾಂಡಪ್ಪನದು ಅನ್ನಬೇಕು, ಅವನಿಗೆ ಬೇಕಾದದ್ದು ಇಷ್ಟೇ. ಇದನ್ನು ಬಾಯಿ ಬಿಟ್ಟು ಹೇಳುವುದಾದರೂ ಹೇಗೆ? ಶಾಬುದ್ದೀನ ಸಿಟ್ಟಾಗಿ ಗುಡೂರಿಗೆ ಹೋದ. ಪಾಂಡಪ್ಪ ಒಬ್ಬನೇ ತಿಕ್ಕಲು ಕೂತ.

ಮೊದಲು ಒರಟು ಕಾಗದ, ಆಮೇಲೆ ನಯ, ಆಮೇಲೆ ಅದಕ್ಕಿಂತ ನಯ. ಒಂದು ಪದರ ಬಳಿದು, ಒಣಗಿಸಿ, ಮತ್ತೆ ತಿಕ್ಕಿ, ಮತ್ತೆ ಬಳಿದ. ಹೊರಗೆ ಮಾತ್ರ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಒಳಗೂ ತಿಕ್ಕಿದ, ಪಕ್ಕೆಲುಬಿನ ಹಿಂದೆ ಯಾರೂ ಕೈ ಹಾಕದ ಸಂದಿಯಲ್ಲೂ ಬೆರಳಿಗೆ ಕಾಗದ ಸುತ್ತಿಕೊಂಡು ತಿಕ್ಕಿದ. ಗಾಳಿ ಧೂಳು ತಂದು ಕೂಡಿಸಿದ ದಿನ ಪದರವನ್ನೆಲ್ಲ ಕಿತ್ತು ಮೊದಲಿನಿಂದ ಶುರುಮಾಡಿದ. ಕಟ್ಟಿಗೆಗಿಂತ ಹೊಳಪಿಗೇ ಹೆಚ್ಚು ಖರ್ಚಾಯಿತು. ಕೆಮ್ಮು ಎದೆಯಲ್ಲಿ ಮನೆ ಮಾಡಿತು. ನಡುನಡುವೆ ಮಗಳ ಫೋನು.

"ಅಪ್ಪಾ, ದ್ವಾಣಿ ಯಾವಾಗ ಬರ್ತೈತಿ? ಹಳೇದು ಭಾಳ ಸೋರಾಕತ್ತೈತಿ."

"ಇನ್ನೊಂದ ಪದರ ಒಣಗಲಿ ಯವ್ವಾ. ತಂದ ಬಿಡ್ತೇನಿ."

ಯುಗಾದಿಯೂ ಹೋಯಿತು. ಮಗಳ ಜೀವ ಕಾಯಲೆಂದು ಹಿಡಿದ ಕೆಲಸ ಮಗಳನ್ನೇ ಕಾಯಿಸುತ್ತಿದೆ ಎಂಬುದು ಆ ಮನುಷ್ಯನ ತಲೆಗೆ ಹೋಗಲಿಲ್ಲ. ಹುಚ್ಚು ಹಿಡಿದವನಿಗೆ ಹಬ್ಬ ಯಾವುದು, ಹರಿದಿನ ಯಾವುದು!

ಬಸವ ಜಯಂತಿಯ ಮರುದಿನ ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ಹುಲ್ಲಿನ ಮೇಲೆ ಕೌದಿ ಹಾಸಿ, ದೋಣಿಯನ್ನು ತಂದು ಅಳಿಯನ ಅಂಗಳದಲ್ಲಿ ಇಳಿಸಿದರು. ಊರಿಗೆ ಊರೇ ಸೇರಿತು. ಪಾಂಡಪ್ಪ ಅಂದುಕೊಂಡದ್ದಕ್ಕಿಂತ ಹೆಚ್ಚೇ ಆಯಿತು. ಮುದುಕ ಹುಲ್ಲಪ್ಪ, ಆ ದಂಡೆಯ ಅಂಬಿಗರಲ್ಲೆಲ್ಲ ಹಿರಿಯ, ಬಗ್ಗಿ ದೋಣಿಯಲ್ಲಿ ತನ್ನ ಬೋಡು ಬಾಯಿ ನೋಡಿಕೊಂಡ.

"ಇದರಾಗ ಮೀನ ತುಂಬಬೇಕೋ, ದೇವರನ್ನ ಕುಂದರಸಬೇಕೋ ಪಾಂಡ್ಯಾ?" ಎಂದ.

ಎಲ್ಲರೂ ನಕ್ಕರು. ಬೀರೇಶ ನಗಲಿಲ್ಲ. ಅವನು ದೋಣಿಯನ್ನು ಮುಟ್ಟಲು ಕೈ ಚಾಚಿ, ಹಿಂದಕ್ಕೆ ತೆಗೆದು, ಅಂಗಿಗೆ ಒರೆಸಿಕೊಂಡು ಮತ್ತೆ ಮುಟ್ಟಿದ. ಅವನ ಕಣ್ಣಲ್ಲಿ ನೀರಾಡಿತು. "ಮಾಮಾ, ನಮ್ಮ ವಂಶದಾಗ ಇಂಥಾದ್ದು ಯಾರೂ ಕಂಡಿಲ್ರಿ," ಎಂದ. ಪಾಂಡಪ್ಪನಿಗೆ ಆ ದಿನ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

ಅದನ್ನು ಆವತ್ತೇ ನೀರಿಗೆ ಇಳಿಸಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಮುಳುಗಿದ ಮರಗಳ ಬೊಡ್ಡೆ ಮೇಲೆದ್ದಿದ್ದವು, ತಳ ಗೀರುತ್ತದೆ, ನೀರು ಏರಲಿ ಎಂದ ಬೀರೇಶ. ಸರಿಯೇ. ನೀರು ಏರತೊಡಗುವ ಹೊತ್ತಿಗೆ ಆಷಾಢ ಬಂತು, ಆಷಾಢದಲ್ಲಿ ಹೊಸದು ಶುರುಮಾಡುವುದು ಬೇಡ ಎಂದ. ಅದೂ ಸರಿ. ಪಾಂಡಪ್ಪ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು, "ದ್ವಾಣಿ ಹೆಂಗೈತಿ?" ಬೀರೇಶನ ಉತ್ತರವೂ ಒಂದೇ, "ಭಾಳ ಛಲೋ ಐತ್ರಿ ಮಾಮಾ. ಮಂದಿ ನೋಡಾಕ ಬರ್ತಾರ." ನೀರಿಗೆ ಇಳಿಯಿತೇ ಎಂದು ಪಾಂಡಪ್ಪ ಕೇಳಲಿಲ್ಲ. ಮಂದಿ ನೋಡಲು ಬರುತ್ತಾರೆ ಎಂಬಷ್ಟರಲ್ಲೇ ಅವನ ಹೊಟ್ಟೆ ತುಂಬುತ್ತಿತ್ತು. ಜಯಶ್ರೀ ಒಂದೆರಡು ಸಲ ಏನೋ ಹೇಳಲು ಹೋಗಿ, ಗಂಡ ಪಕ್ಕದಲ್ಲೇ ಇದ್ದುದರಿಂದ ಸುಮ್ಮನಾದಳು.

ಶ್ರಾವಣ ಬಂತು. ಪಂಚಮಿಗೆ ಮಗಳನ್ನು ತವರಿಗೆ ಕರೆತರಲು ಪಾಂಡಪ್ಪ ಹಿಂದಿನ ದಿನ, ಚೌತಿಯ ಮುಂಜಾನೆಯೇ ಬಸ್ಸು ಹತ್ತಿದ. ಇಳಿದವನು ಮನೆಗೆ ಹೋಗದೆ ನೇರ ದಂಡೆಗೆ ನಡೆದ. ಅಣೆಕಟ್ಟು ತುಂಬಿ ನೀರು ಹೊಲಗಳ ಬದುವಿಗೆ ಬಂದು ನಿಂತಿತ್ತು. ಗಾಳಿ ಜೋರಾಗಿತ್ತು. ತನ್ನ ದೋಣಿ ಬಿಸಿಲಿಗೆ ಎಲ್ಲಿ ಹೊಳೆಯುತ್ತಿದೆ ಎಂದು ಕೈ ಅಡ್ಡ ಹಿಡಿದು ಹುಡುಕಿದ. ಹೊಳೆಯುವಂಥದ್ದು ಏನೂ ಕಾಣಲಿಲ್ಲ. ದೂರದಲ್ಲಿ ಒಂದು ಕರಿಯ ದೋಣಿ, ತೆರೆಯ ನಡುವೆ ಕಂಡೂ ಕಾಣದ ಹಾಗೆ ಏಳುತ್ತ ಬೀಳುತ್ತ ಇತ್ತು. ದಂಡೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಹುಲ್ಲಪ್ಪ ಇವನನ್ನು ಕಂಡ.

"ಏನ ಹುಡಕಾಕತ್ತಿ? ನಿನ್ನ ದ್ವಾಣಿ ಇನ್ನೂ ನೀರ ಮುಟ್ಟಿಲ್ಲ. ಅದಕ ತಗಡಿನ ಗುಡಿ ಕಟ್ಯಾನ ನಿನ್ನ ಅಳ್ಯಾ. ಅಲ್ಲಿ ಕಾಣಾಕತ್ತೈತಲಾ, ಅದರಾಗ ಅದಾರ ಗಂಡಾ ಹೆಂಡ್ತಿ."

ಈಗ ಪಾಂಡಪ್ಪನಿಗೆ ಆ ದೋಣಿಯೊಳಗೆ ಒಂದು ಕೈ ಕಂಡಿತು. ಏಳುತ್ತಿತ್ತು, ಬೀಳುತ್ತಿತ್ತು. ಮಗಳು ನೀರು ಚೆಲ್ಲುತ್ತಿದ್ದಳು. ನೋಡನೋಡುತ್ತಿದ್ದ ಹಾಗೆ ಬೀರೇಶ ಬಲೆ ಬಿಟ್ಟು ಹುಟ್ಟು ಹಿಡಿದು ದಂಡೆಯ ಕಡೆ ತಿರುಗಿದ. ದೋಣಿ ತಗ್ಗುತ್ತ ಬಂತು, ಅಂಚು ನೀರಿಗೆ ಸಮವಾಯಿತು. ಕೈ ಏಳುವುದು ನಿಂತಿತು. ಹುಲ್ಲಪ್ಪ ಬಲೆ ಬಿಸುಟು ಎದ್ದು ನಿಂತ. ಪಾಂಡಪ್ಪ ಧೋತರದ ಸಮೇತ ಎದೆಮಟ್ಟ ನೀರಿಗೆ ಇಳಿದ. ದೈವ ದೊಡ್ಡದು, ದೋಣಿ ಕುಸಿದದ್ದು ಮುಳುಗಿದ ಹೊಲದ ಬದುವಿನ ಮೇಲೆ. ಬೀರೇಶ ಹೆಂಡತಿಯ ಕುತ್ತಿಗೆಯ ಹಿಂದೆ ಸೀರೆ ಹಿಡಿದು ಎತ್ತಿ ನಿಲ್ಲಿಸಿದ. ಆಕೆ ಕೆಮ್ಮಿ ಕೆಮ್ಮಿ ನೀರು ಕಾರಿದಳು. ಆಗಲೂ ಡಬ್ಬಿಯನ್ನು ಕೈಬಿಟ್ಟಿರಲಿಲ್ಲ.

ಮನೆಗೆ ಬಂದರೆ ಅಂಗಳದ ಮೂಲೆಯಲ್ಲಿ ತಗಡಿನ ಚಪ್ಪರ. ಒಳಗೆ ತಾಡಪತ್ರಿ ಹೊದ್ದು ಮಲಗಿದ ದೋಣಿ. ಬೀರೇಶ ಸೋಮವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಒರೆಸುತ್ತಿದ್ದನಂತೆ, ದೋಣಿಯ ಮೂಗಿಗೆ ವಿಭೂತಿ ಹಚ್ಚಿದ್ದ. ಪಾಂಡಪ್ಪ ತಾಡಪತ್ರಿ ಸರಿಸಿದ. ತಾನು ಬಿಟ್ಟುಹೋದ ದಿನಕ್ಕಿಂತ ಅದು ಹೆಚ್ಚು ಹೊಳೆಯುತ್ತಿತ್ತು. ಹೇಳಲು ನಾಚಿಕೆಯಾಗುವ ಮಾತು, ಮಗಳು ಆಗತಾನೆ ನೀರು ಕಾರಿ ಜಗಲಿಯ ಮೇಲೆ ಕೂತಿದ್ದಳು, ಇವನಿಗೆ ಮೊದಲು ಬಂದದ್ದು ಹಿಗ್ಗು. ಅದರ ಬೆನ್ನಿಗೇ ಹಿಗ್ಗಿದ್ದು ಅರಿವಾಗಿ ತಾಡಪತ್ರಿಯನ್ನು ಕೈಬಿಟ್ಟ.

"ಯಾಕ ಬೀರೇಶಾ? ಯಾಕ ಇಳಸಲಿಲ್ಲ?"

"ಹೆಂಗ ಇಳಸ್ಲಿ ಮಾಮಾ?" ಬೀರೇಶ ಒದ್ದೆ ಬಟ್ಟೆಯಲ್ಲೇ ನಡುಗುತ್ತ ನಿಂತಿದ್ದ. "ಬಲೀ ಗುಂಡ ಕಬ್ಬಿಣದ್ದು, ಒಮ್ಮಿ ಎಳದ್ರ ಗೀರ ಬೀಳತಾವ. ಮೀನಿನ ಹೊಲಸ, ಕೆಸರಗಾಲ... ನಿಮ್ಮ ಕೈ ಸವದೈತಿ ಇದಕ. ಎರಡ ಸಲ ದಂಡಿತನಾ ಒಯ್ದೆನ್ರಿ. ಮನಸ ಬರಲಿಲ್ಲ, ತಿರಗಿ ತಂದೆನ್ರಿ."

"ಹಳೇದಕ ತ್ಯಾಪಿ ಹಾಕಿ ನಡಸ್ತೇನಿ ಅಂತಾನ ದಿನಾ," ತಾಯವ್ವ ಅಳುತ್ತ ಹೇಳಿದಳು. "ನಿನಗ ಹೇಳಬ್ಯಾಡ ಅಂದಾನಣ್ಣಾ, ನಿನ್ನ ಮನಸ ನೋಯ್ತೈತಿ ಅಂತ."

ಇದನ್ನು ಪ್ರೀತಿ ಎನ್ನುವವರು ಎನ್ನಲಿ. ಹೆಂಡತಿಯನ್ನು ಸೋರುವ ದೋಣಿಯಲ್ಲಿ ಕೂಡಿಸಿ ಮಾವನ ಹೊಳಪನ್ನು ಕಾಯುವುದಕ್ಕೆ ಬೇರೆ ಹೆಸರಿದೆ. ಆದರೆ ಪಾಂಡಪ್ಪ ಅಳಿಯನನ್ನು ಬೈಯಲಿಲ್ಲ. ಮುಟ್ಟಲು ಅಂಜುವಂಥದ್ದನ್ನು ಮಾಡಿ ತಂದವನು ತಾನೇ. ಮಾಡಿದ್ದುಣ್ಣೋ ಮಹಾರಾಯ! ಅವನು ಸೊಂಟಕ್ಕೆ ಧೋತರ ಬಿಗಿದು, ಊರಿನ ಅಂಗಡಿಗೆ ಹೋಗಿ ಡಾಂಬರನ್ನೂ ಎಲ್ಲಕ್ಕಿಂತ ಒರಟಾದ ಪಾಲಿಶ್ ಪೇಪರನ್ನೂ ತಂದ.

ನುಣುಪಾದ ವಾರ್ನಿಶ್ ಮೇಲೆ ಡಾಂಬರು ನಿಲ್ಲುವುದಿಲ್ಲ, ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅದಕ್ಕೆ ಹಿಡಿತ ಬೇಕೆಂದರೆ ಹೊಳಪನ್ನು ತಿಕ್ಕಿ ಕೆಡಿಸಬೇಕು. ಆ ಊರಲ್ಲಿ ಇದು ಗೊತ್ತಿದ್ದದ್ದು ಅವನೊಬ್ಬನಿಗೇ. ಕಾಗದ ಎತ್ತಿ ಮೊದಲ ಸಲ ಅಡ್ಡಡ್ಡ ಎಳೆದಾಗ ಬೀರೇಶ ಓಡಿ ಬಂದು ಅವನ ಕೈ ಹಿಡಿದುಕೊಂಡ.

"ಬ್ಯಾಡ್ರಿ ಮಾಮಾ, ನಿಮ್ಮ ಕಾಲ ಬೀಳತೇನಿ. ನಾಳಿಂದ ಇದರಾಗ ಹೋಗತೇನ್ರಿ, ಆಣಿ ಮಾಡತೇನಿ."

"ಹೋಗೂದಿಲ್ಲ ನೀ. ದಂಡಿತನಾ ಹೋಗಿ ತಿರಗಿ ತರತಿ."

ಬೀರೇಶ ಮುಖ ಮುಚ್ಚಿಕೊಂಡು ಹೊರಗೆ ಹೋದ. ಆ ದಿನವೆಲ್ಲ ಚಪ್ಪರದ ಕಡೆ ಸುಳಿಯಲಿಲ್ಲ. ಬಂದವಳು ಜಯಶ್ರೀ. ಸೆರಗು ಸಿಕ್ಕಿಸಿ, ಕಾಗದದ ಒಂದು ತುಂಡು ಹರಿದುಕೊಂಡು, ಅಪ್ಪನ ಎದುರು ಬದಿಯಲ್ಲಿ ಕೂತು ತಿಕ್ಕತೊಡಗಿದಳು. ಅವಳು ತಿಕ್ಕುವ ರಭಸಕ್ಕೆ ಪಾಂಡಪ್ಪ ಬೆರಗಾದ.

"ಸಾವಕಾಶ ಯವ್ವಾ, ಕೈ ನೋಯ್ತಾವ."

"ನೋಯಲಿ. ಈ ದ್ವಾಣಿ ನನ್ನ ಸವತಿ ಆಗಿತ್ತಪ್ಪಾ. ಇದಕ ಎಣ್ಣಿ ನೀರ, ಇದಕ ನೆರಳ. ನನಗ ಡಬ್ಬಿ." ಕಾಗದ ಮಡಚಿ ಹಿಡಿದು ಮತ್ತೆ ಅಂದಳು, "ನೀನರ ಒಂದ ಮಾತ ಕೇಳಿದ್ಯಾ? ಫೋನ್ ಮಾಡಿದ್ರ ದ್ವಾಣಿ ಹೆಂಗೈತಿ ಅಂತಿದ್ದಿ. ನಾ ಹೆಂಗದೇನಿ ಅಂತ ಎಂದರ ಕೇಳಿದ್ಯಾ?"

ಪಾಂಡಪ್ಪನಿಗೆ ಕೆಮ್ಮು ಬಂತು, ಕೆಮ್ಮಿದ.

ಮರುದಿನ ಪಂಚಮಿ. ಇವತ್ತು ಕೊಯ್ಯುವುದು, ಕೆತ್ತುವುದು ಏನೂ ಮಾಡಬಾರದು, ನಾಗಪ್ಪ ಮುನಿಯುತ್ತಾನೆ ಎಂದು ತಾಯವ್ವ ಹಾಲಿನ ತಟ್ಟೆ ಹಿಡಿದು ಅಡ್ಡ ನಿಂತಳು.

"ಕೊಯ್ಯಾಕತ್ತಿಲ್ಲ ತಾಯವ್ವಾ, ಕೆತ್ತಾಕತ್ತಿಲ್ಲ. ತಿಕ್ಕಾಕತ್ತೇನಿ," ಎಂದು ಅವನು ಕೆಲಸ ಮುಂದುವರಿಸಿದ. ತಂಗಿ ಗೊಣಗುತ್ತ ಹುತ್ತಕ್ಕೆ ಹೋಗಿ ಬಂದಳು, ತನ್ನ ಪಾಲಿಗೂ ಅಣ್ಣನ ಪಾಲಿಗೂ ಎರಡು ಸಲ ಹಾಲೆರೆದು.

ಸಂಜೆಯ ಹೊತ್ತಿಗೆ ದೋಣಿಯೆಲ್ಲ ಬೂದಿ ಬಳಿದ ಹಾಗೆ ಮಂಕಾಯಿತು. ಮುಂದಿನ ಮೂಗಿನ ಒಳಬದಿಯಲ್ಲಿ ಅಂಗೈ ಅಗಲ ಮಾತ್ರ ಉಳಿದಿತ್ತು. ಬೇಕೆಂದೇ ಉಳಿಸಿದ್ದ. ಇಷ್ಟು ಇರಲಿ, ಯಾರಿಗೆ ಏನು ಅಡ್ಡ, ಬಲೆ ಅಲ್ಲಿಗೆ ತಾಗುವುದೂ ಇಲ್ಲ ಎಂದು ಮನಸ್ಸು ಹೇಳಿತು. ಅಲ್ಲಿ ಇಣುಕಿದರೆ ಅವನ ಬಿಳಿ ಗಡ್ಡ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಇಷ್ಟೇ ಉಳಿದರೂ ಬೀರೇಶ ಈ ಅಂಗೈಯಗಲಕ್ಕೆ ಕೆಸರು ತಾಗದಂತೆ ಕಾಯುತ್ತಾನೆ, ಮಳೆ ಬಂದರೆ ದೋಣಿ ಇಳಿಸುವುದಿಲ್ಲ, ಮತ್ತೆ ಹಳೆಯದಕ್ಕೆ ತೇಪೆ ಹಾಕುತ್ತಾನೆ. ಇದು ಹೊಳೆದಷ್ಟು ನಿಚ್ಚಳವಾಗಿ ಬೇರೆ ಯಾವುದೂ ಅವನಿಗೆ ಆ ಎರಡು ದಿನದಲ್ಲಿ ಹೊಳೆದಿರಲಿಲ್ಲ. ಕಣ್ಣು ಮುಚ್ಚಿಕೊಂಡು ಅದನ್ನೂ ತಿಕ್ಕಿದ.

ಡಾಂಬರು ಬಳಿದು, ಒಣಗಿಸಿ, ಹೊಳೆತಾಯಿ ಗಂಗವ್ವನಿಗೆ ಉಡಿ ತುಂಬಿ ದೋಣಿಯನ್ನು ನೀರಿಗಿಳಿಸಿದಾಗ ನೋಡಲು ಬಂದವರು ನಾಲ್ಕೇ ಜನ. ಎಲ್ಲ ದೋಣಿಗಳ ಹಾಗೆ ಅದೂ ಕರಿಯ ದೋಣಿ, ನೋಡುವುದೇನಿತ್ತು? ಬೀರೇಶ ಚಪ್ಪಲಿ ಕಾಲಿನಲ್ಲೇ ಹತ್ತಿದ, ಕೆಸರಿನ ಬಲೆಯನ್ನು ಧೊಪ್ಪೆಂದು ಒಳಗೆ ಒಗೆದ. ಜಯಶ್ರೀ ಹತ್ತಿ ಕೂತಳು, ಕೂತು ತಳವನ್ನು ಮುಟ್ಟಿ ನೋಡಿದಳು, ಒಣಗಿತ್ತು. ಮಾಡಲು ಕೆಲಸವಿಲ್ಲದ ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ಗಾಳಿಗೆ ಎದುರಾಗಿ ದೋಣಿ ಒಂದಿಷ್ಟೂ ಅಳುಕದೆ ನಡುನೀರಿಗೆ ಹೋಯಿತು.

ದಂಡೆಯ ಮೇಲೆ ಪಾಂಡಪ್ಪ ಬಿಕ್ಕಿ ಬಿಕ್ಕಿ ಅತ್ತ. ತಾಯವ್ವ ಅವನ ಬೆನ್ನು ಸವರಿ, "ಅಳಬ್ಯಾಡಣ್ಣಾ, ಮಗಳ ಜೀವ ಉಳೀತಲ್ಲ," ಎಂದಳು. ಅವನು ಹೌದೆಂದು ತಲೆಯಾಡಿಸಿದ. ಆದರೆ ಅವನು ಅಳುತ್ತಿದ್ದದ್ದು ಮಗಳಿಗಾಗಿ ಅಲ್ಲ, ಆ ಹೊಳಪಿಗಾಗಿ. ಮಗಳು ಕಣ್ಣೆದುರೇ ಕ್ಷೇಮವಾಗಿ ಕೂತಿರುವಾಗಲೂ ತನಗೆ ಅಳು ಬಂದದ್ದು ಒಂದು ಹಲಗೆಗಾಗಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದರಿಂದಲೇ ಅಳು ನಿಲ್ಲಲಿಲ್ಲ.